ಹತ್ತು ಸೇರಿನ ಪರೀಕ್ಷೆ

ಪ್ರಾಮಾಣಿಕರನ್ನು ಗುರುತಿಸುವ ಉಪಾಯ ತಮಗೊಬ್ಬರಿಗೇ ಗೊತ್ತು ಎಂದು ನಮ್ಮ ಸಾಹುಕಾರರು ಗಟ್ಟಿಯಾಗಿ ನಂಬಿದ್ದರು. ಮಧುಗಿರಿ ಪೇಟೆಯಲ್ಲಿ ಅವರದು ಕಡಲೆಕಾಯಿ ಮಂಡಿ. ಬಿತ್ತನೆ ಕಾಯಿಗೆ ಅವರ ಮಂಡಿಯೇ ಆಗಬೇಕು ಎಂದು ಪಾವಗಡದ ಗಡಿಯಿಂದಲೂ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಸೇರು, ಮಣಗಳೇ ನಡೆಯುತ್ತಿದ್ದ, ಕಿಲೋ ಇನ್ನೂ ಬಂದಿರದ ಕಾಲ ಅದು. ಕೆಲಸ ಕೇಳಿಕೊಂಡು ಬಂದವನ ಊರು, ಕುಲ, ಓದು ಯಾವುದನ್ನೂ ಸಾಹುಕಾರರು ಕೇಳುತ್ತಿರಲಿಲ್ಲ. ಒಣಗಿದ ಕಡಲೆಕಾಯಿ ಹತ್ತು ಸೇರು ತೂಗಿಸಿ ಚೀಲಕ್ಕೆ ಹಾಕಿಸಿ, "ಮನೆಗೆ ತಗೊಂಡ್ಹೋಗಿ ಸುಲಿಸಪ್ಪ. ಎಂಟು ದಿನಕ್ಕೆ ತಗೊಂಡ್ ಬಾ. ಬೀಜ ಒಂದು ಚೀಲ, ಸಿಪ್ಪೆ ಒಂದು ಚೀಲ. ಆಮೇಲೆ ಮಾತಾಡೋಣ" ಎನ್ನುತ್ತಿದ್ದರು. ಅಷ್ಟೇ ಪರೀಕ್ಷೆ.

ಅದರ ಒಳಗುಟ್ಟು ಹೀಗಿತ್ತು. ಎಂಟು ದಿನ ಮನೆಯಲ್ಲಿ ಕಡಲೆಕಾಯಿ ಇದ್ದು, ಒಬ್ಬರೂ ಒಂದು ಬೀಜವನ್ನೂ ಬಾಯಿಗೆ ಹಾಕಿಕೊಳ್ಳದ ಮನೆ ಈ ಸೀಮೆಯಲ್ಲೇ ಇಲ್ಲ ಎಂಬುದು ಸಾಹುಕಾರರ ಲೆಕ್ಕ. ಎರಡೂ ಚೀಲ ಸೇರಿಸಿ ತೂಗಿದಾಗ ಸ್ವಲ್ಪ ಕಡಿಮೆ ಬಂದು, "ಮಕ್ಳು ತಿಂದ್ಬುಟ್ರು ಸ್ವಾಮಿ" ಎಂದು ಒಪ್ಪಿಕೊಂಡವನು ಸತ್ಯವಂತ. ಕಡಿಮೆ ಬಂದರೂ ಯಾರೂ ಮುಟ್ಟಿಲ್ಲ ಎಂದು ಸಾಧಿಸಿದವನು ಕಳ್ಳ. ಪೂರ್ತಿ ಹತ್ತು ಸೇರು ತಂದವನಂತೂ ಇಬ್ಬರಿಗಿಂತಲೂ ಖದೀಮ, ತಿಂದದ್ದನ್ನು ಅಂಗಡಿಯಿಂದ ತಂದು ತುಂಬಿಸಿ ಹಲ್ಲು ಕಿರಿಯುವ ಜಾತಿ. ಸತ್ಯವಂತನಿಗೆ ಕೆಲಸ, ಉಳಿದಿಬ್ಬರಿಗೆ ಬಾಗಿಲು. ಈ ಗುಟ್ಟನ್ನು ಸಾಹುಕಾರರು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲವಂತೆ. ಆದರೆ ಹನ್ನೆರಡು ವರ್ಷದಿಂದ ಅವರ ಪಕ್ಕದಲ್ಲೇ ನಿಂತು ಆ ಚೀಲಗಳನ್ನು ತೂಗುತ್ತಿದ್ದವನೊಬ್ಬನಿದ್ದ. ಅವನಿಗೆ ಕಣ್ಣು ಕಿವಿ ಇರಲಿಲ್ಲವೇ?

ನನ್ನ ಸರದಿ ಬಂದಾಗ ನನಗೆ ಇಪ್ಪತ್ತೆರಡು. ಪುರವರದ ಹತ್ತಿರದ ಹಳ್ಳಿಯವನು ನಾನು. ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು, ಮನೆಯಲ್ಲಿ ಅವ್ವ ಮತ್ತು ನಾನು. ಚೀಲ ಮನೆಗೆ ತಂದ ದಿನವೇ ಅವ್ವ ಅದನ್ನು ಅಟ್ಟದ ಮೇಲೆ ಇಟ್ಟಳು. ಮಧ್ಯಾಹ್ನ ಇಳಿಸಿಕೊಂಡು ಸುಲಿಯುವುದು, ಸಂಜೆ ಮತ್ತೆ ಏರಿಸುವುದು. ಒಂದೇ ಒಂದು ಬೀಜ ಬಾಯಿಗೆ ಹಾಕಿಕೊಳ್ಳಲಿಲ್ಲ ಮಹಾತಾಯಿ. ನೆಲಕ್ಕೆ ಸಿಡಿದ ಬೀಜವನ್ನೂ ಹುಡುಕಿ ಚೀಲಕ್ಕೆ ಹಾಕಿದಳು. ಪಕ್ಕದ ಮನೆಯ ಮಕ್ಕಳು ಬಾಗಿಲಲ್ಲಿ ನಿಂತರೆ ಗದರಿಸಿ ಓಡಿಸಿದಳು. ಸಾಹುಕಾರರ ಲೆಕ್ಕದಲ್ಲಿ ಇಲ್ಲದ ಮನೆ ನಮ್ಮದು. ಹಾಗೆಯೇ ಒಯ್ದಿದ್ದರೆ ಖದೀಮ ಅನ್ನಿಸಿಕೊಂಡು ಹೊರಗೆ ಬೀಳುತ್ತಿದ್ದೆ.

ಏಳನೆಯ ದಿನ ಪುರವರದ ಸಂತೆಯಲ್ಲಿ ಮಂಡಿಯ ತೂಕದವನು ಸಿಕ್ಕಿದ. ಐವತ್ತರ ಆಸುಪಾಸಿನ ಆಳು, ಮುಖದಲ್ಲಿ ಸದಾ ನಗು. ಮಂಡಿಯವರೆಲ್ಲ ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದರು. ಹುಣಸೆಮರದ ಮರೆಗೆ ಕರೆದುಕೊಂಡು ಹೋಗಿ ಹೆಗಲ ಮೇಲೆ ಕೈ ಹಾಕಿದ.

"ಹತ್ತು ಸೇರೂ ತರ್ಬೇಡ ಕಣ್ಲಾ. ಅರ್ಧ ಸೇರು ತೆಗ್ದು ಮನೇಲೇ ಮಡೀಕ್ಕೊ. ಯಾಕ್ ಕಮ್ಮಿ ಅಂತ ಕೇಳಿದ್ರೆ, ನಮ್ಮವ್ವ ಹುರ್ಕೊಂಡು ತಿಂದ್ಲು ಅನ್ನು. ಕೆಲ್ಸ ನಿಂದೇಯ."

"ನಮ್ಮವ್ವ ಒಂದೂ ಮುಟ್ಟಿಲ್ಲ ಅಣ್ಣ."

"ಮುಟ್ಟಿಲ್ಲ ಅಂದ್ರೆ ನಿಂಗೇನ್ ಕಿರೀಟ ಇಡ್ತಾರೇನ್ಲಾ? ಹೇಳ್ದಷ್ಟು ಮಾಡು ಬುಡು."

ಹೇಳಿದಷ್ಟು ಮಾಡಿದೆ. ಸಾಹುಕಾರರ ಮುಂದೆ ತಲೆ ತಗ್ಗಿಸಿ, ನಮ್ಮ ಅವ್ವ ಹುರಿದುಕೊಂಡು ತಿಂದಳು ಎಂದೆ. ಅವರಿಗೆ ಖುಷಿಯೋ ಖುಷಿ. ಬೆನ್ನು ತಟ್ಟಿ, "ನೆಟ್ಟಗಿರೋ ಹುಡುಗ" ಎಂದು ಗುಮಾಸ್ತಿಕೆ ಕೊಟ್ಟರು. ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ಅವ್ವ, "ನಾನು ತಿಂದೆ ಅಂದ್ಯಾ?" ಎಂದು ಒಮ್ಮೆ ಕೇಳಿದಳು, ಎರಡನೆಯ ಸಲ ಕೇಳಲಿಲ್ಲ. ಉಳಿಸಿಕೊಂಡ ಆ ಅರ್ಧ ಸೇರನ್ನು ಅವಳು ಮುಟ್ಟಲೂ ಇಲ್ಲ, ಹುಳ ಬಿದ್ದು ಹೋಯಿತು.

ಮಂಡಿಯಲ್ಲಿ ನಾವು ಒಂಬತ್ತು ಜನ. ಉಳಿದ ಎಂಟೂ ಜನ ನನ್ನ ಹಾಗೆಯೇ ಅಣ್ಣನ ಕೃಪೆಯಿಂದ ಬಂದವರು ಎಂದು ಗೊತ್ತಾಗಲು ತಿಂಗಳು ಹಿಡಿಯಲಿಲ್ಲ. ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಅಣ್ಣ ಕರೆದಾಗ ಅವರು ಎದ್ದು ಓಡುವ ರೀತಿಯಲ್ಲೇ ತಿಳಿಯುತ್ತಿತ್ತು. ಸುಳ್ಳು ಹೇಳಿ ಸತ್ಯವಂತರಾದ ಒಂಬತ್ತು ಜನರನ್ನು ಕಟ್ಟಿಕೊಂಡು ಸಾಹುಕಾರರು ಮಧ್ಯಾಹ್ನ ಊಟವಾದ ಮೇಲೆ ನಿಶ್ಚಿಂತೆಯಿಂದ ನಿದ್ದೆ ಹೊಡೆಯುತ್ತಿದ್ದರು!

ಅಂಥ ಒಂದು ಮಧ್ಯಾಹ್ನ ದಾಸ್ತಾನಿನ ಕೋಣೆಗೆ ಹೋದೆ. ಬಿತ್ತನೆ ಕಾಯಿಯನ್ನು ಸಿಪ್ಪೆಯ ಸಮೇತ ಮೂಟೆ ಕಟ್ಟಿ ಅಲ್ಲಿ ಅಟ್ಟಿ ಹಾಕುತ್ತಿದ್ದೆವು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಕತ್ತಲು. ಕಾಲಿಟ್ಟ ಕೂಡಲೇ ಪಾದಕ್ಕೆ ತಣ್ಣಗೆ ನೀರು ತಗುಲಿತು. ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ ಅಣ್ಣ ಒಂದು ಮೂಟೆಯ ಬಾಯಿ ಬಿಚ್ಚಿ, ಕೊಡದಿಂದ ನೀರು ಕೈಗೆ ತೆಗೆದುಕೊಂಡು ಚಿಮುಕಿಸುತ್ತಿದ್ದ. ಮದುವೆ ಮನೆಯಲ್ಲಿ ಪನ್ನೀರು ಎರಚುವಷ್ಟು ಸಮಾಧಾನ. ಪಕ್ಕದಲ್ಲಿ ಕದ್ದ ಕಾಯಿ ತುಂಬಿದ ಬೇರೆ ಎರಡು ಮೂಟೆ ಹೊರಗೆ ಸಾಗಿಸಲು ಸಿದ್ಧವಾಗಿ ನಿಂತಿದ್ದವು. ಒಂದೊಂದು ಮೂಟೆಯಿಂದ ಎರಡು ಮೂರು ಸೇರು ಕಾಯಿ ತೆಗೆಯುವುದು, ಆ ತೂಕಕ್ಕೆ ನೀರು ಕುಡಿಸುವುದು. ಕಡಲೆಕಾಯಿ ಸಿಪ್ಪೆ ನೀರನ್ನು ಹೀರಿಕೊಂಡು ಬಿಡುತ್ತದೆ, ಅರ್ಧ ಗಂಟೆ ಕಳೆದರೆ ಕಣ್ಣಿಗೆ ಏನೂ ಕಾಣದು. ಒಳಗಿನ ಬೀಜ ಮಾತ್ರ ಬೂಷ್ಟು ಹಿಡಿದು ಕಪ್ಪಾಗುತ್ತದೆ. ಅದು ಗೊತ್ತಾಗುವುದು ಯಾವಾಗ? ಹೊಲಕ್ಕೆ ಬಿದ್ದು, ಮಳೆ ಬಂದು, ಮೊಳಕೆ ಬಾರದಿದ್ದಾಗ.

ಅಣ್ಣ ನನ್ನನ್ನು ನೋಡಿ ಬೆಚ್ಚಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ. "ನಿಮ್ಮವ್ವ ಚೆನ್ನಾಗವ್ಳೇನ್ಲಾ?" ಎಂದ.

ಚೆನ್ನಾಗಿದ್ದಾಳೆ ಎಂದೆ.

"ಇನ್ನೂ ಕಡ್ಲೆಕಾಯಿ ಹುರ್ಕೊಂಡ್ ತಿಂತಾಳಾ?"

ಅವನು ನಗುತ್ತಲೇ ಇದ್ದ. ನಾನು ತಿರುಗಿ ಬಂದು ಗದ್ದಿಗೆಯ ಪಕ್ಕ ಕೂತೆ. ಒದ್ದೆ ಪಾದ ಒಣಗುವ ತನಕ ಅಲ್ಲಾಡಲಿಲ್ಲ. ನಾಲ್ಕು ಮಾರು ದೂರದಲ್ಲಿ ಸಾಹುಕಾರರು ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಿ ಹೇಳಬಹುದಾಗಿತ್ತು. ಹೇಳಿದರೆ, ನಿನ್ನ ಕೆಲಸ ಹೇಗೆ ಸಿಕ್ಕಿತು ಎಂಬ ಮಾತು ಬಂದೇ ಬರುತ್ತದೆ. ನನ್ನ ಜುಟ್ಟು ಅಣ್ಣನ ಕೈಯಲ್ಲಿತ್ತು. ಹೇಡಿ ನಾನು, ಇದಕ್ಕೆ ಬೇರೆ ಹೆಸರು ಇಡಲು ಈಗಲೂ ನನಗೆ ಬರುವುದಿಲ್ಲ.

ಆ ಮುಂಗಾರಿನಲ್ಲಿ ಪಾವಗಡದ ಕಡೆಯಿಂದ ಒಂದಿಬ್ಬರು ಬಂದು, ಕಾಯಿ ಸರಿಯಾಗಿ ಹುಟ್ಟಿಲ್ಲ ಎಂದು ಗೊಣಗಿ ಹೋದರು. ಸಾಹುಕಾರರಿಗೆ ಏನೋ ಅನುಮಾನ ಬಂತು. ದಾಸ್ತಾನಿನ ಕೋಣೆಗೆಂದೇ ಒಬ್ಬನನ್ನು ನೇಮಿಸಿ, ಬೀಗದ ಕೈ ಅವನೊಬ್ಬನ ಸೊಂಟದಲ್ಲೇ ಇರುವಂತೆ ಮಾಡುತ್ತೇನೆ ಎಂದರು. ಹೊರಗಿನವನೇ ಬೇಕು, ಈ ಪೇಟೆಯ ಗಾಳಿ ಸೋಕಿರಬಾರದು ಎಂದು ಸಿರಾದ ಕಡೆ ಹೇಳಿ ಕಳಿಸಿದರು. ಅಣ್ಣ ಅವತ್ತು ಮೊದಲ ಸಲ ನಗಲಿಲ್ಲ.

ಸಿರಾದಿಂದ ಬಂದವರು ಒಬ್ಬ ಸಾಬರು. ಪಾತ್ರೆಗಳಿಗೆ ಕಲಾಯಿ ಹಾಕುವುದು ಅವರ ಕಸುಬು. ಇಪ್ಪತ್ತು ವರ್ಷ ಬೆಂಕಿ ಊದುವ ತಿದಿಯ ಮುಂದೆ ಕೂತು, ಕಲಾಯಿಗೆ ಉಜ್ಜುವ ನವಸಾಗರದ ಹೊಗೆ ಕುಡಿದು ಎದೆ ಕೆಟ್ಟಿತ್ತು. ನಾಲ್ಕು ಮಾತಿಗೊಮ್ಮೆ ಕೆಮ್ಮು. ಇನ್ನು ಆ ಹೊಗೆಗೆ ಹೋದರೆ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಕೂರುವ ಕೆಲಸ ಅವರಿಗೆ ಜೀವ ಉಳಿಸುವ ಕೆಲಸ. ನಾನೇ ಹತ್ತು ಸೇರು ತೂಗಿ ಅವರ ಚೀಲಕ್ಕೆ ಹಾಕಿದೆ. ಹೊರಡುವಾಗ ಸಾಹುಕಾರರಿಗೆ ಒಂದು ಸಲಾಮು, ನನಗೊಂದು ಸಲಾಮು. ತಕ್ಕಡಿಯ ಹುಡುಗನಿಗೆ ಯಾರು ಸಲಾಮು ಮಾಡುತ್ತಾರೆ? ನನಗೆ ನಾಚಿಕೆಯಾಯಿತು.

ಎಂಟು ದಿನ ಕಳೆದು ಅವರು ಬಂದದ್ದು ಒಂದು ಶುಕ್ರವಾರ ಮಧ್ಯಾಹ್ನ. ಸಾಹುಕಾರರು ಊಟಕ್ಕೆ ಎದ್ದಿದ್ದರು. ಸಾಬರು ಎರಡೂ ಚೀಲವನ್ನು ನನ್ನ ಮುಂದೆ ಇಟ್ಟು ಬೆವರು ಒರೆಸಿಕೊಂಡರು.

"ಸ್ವಾಮಿ, ನಮಾಜ್ ಹೊತ್ತಾಯ್ತು. ಚೀಲ ನಿಮ್ ತಾವ ಇರ್ಲಿ, ಮುಗಿಸ್ಕೊಂಡ್ ಬಂದ್ಬುಡ್ತೀನಿ" ಎಂದರು. ಎರಡು ಹೆಜ್ಜೆ ಹೋದವರು ತಿರುಗಿ ಬಂದು ದನಿ ತಗ್ಗಿಸಿದರು. "ಒಂದ್ ಅರ್ಧ ಸೇರು ಕಮ್ಮಿ ಇರ್ಬೌದು. ನಮ್ ಮಗ್ಳು, ಸಣ್ಣೋನು ತಿಂದವ್ರೆ. ನಾನೂ ಒಂದ್ ಹಿಡಿ ತಿಂದೆ, ಸುಳ್ಯಾಕೆ. ಸೌಕಾರ್ರು ಬೈತಾರೇನೋ?"

"ಇದ್ದದ್ದನ್ನ ಇದ್ದಂಗೆ ಹೇಳಿ ಸಾಬ್ರೆ, ಕೆಲ್ಸ ಆಯ್ತದೆ" ಎಂದೆ. ಮನಸ್ಸಿನಿಂದಲೇ ಹೇಳಿದೆ. ಇವರು ಬಂದರೆ ಆ ನೀರಿನ ಕೆಲಸ ನಿಲ್ಲುತ್ತದೆ, ನಾನು ಬಾಯಿ ಬಿಡದೆಯೇ ಎಲ್ಲವೂ ಸರಿಯಾಗುತ್ತದೆ ಎಂದು ಎಂಟು ದಿನದಿಂದ ಆಸೆ ಕಟ್ಟಿಕೊಂಡಿದ್ದೆ.

ಅವರು ರಸ್ತೆ ದಾಟುವುದನ್ನೇ ಕಾಯುತ್ತಿದ್ದವನ ಹಾಗೆ ಅಣ್ಣ ಒಳಗಿನಿಂದ ಬಂದ. ಮಾತಿಲ್ಲದೆ ಎರಡೂ ಚೀಲವನ್ನು ತಕ್ಕಡಿಗೆ ಏರಿಸಿದ. ಸರಿಯಾಗಿ ಅರ್ಧ ಸೇರು ಕಡಿಮೆ ಇತ್ತು. ನನ್ನ ಕಣ್ಣಿನಿಂದ ನೋಡಿದ್ದೇನೆ. ಅಣ್ಣ ಬೀಜದ ಚೀಲವನ್ನು ಪಕ್ಕಕ್ಕಿಟ್ಟು ಸಿಪ್ಪೆಯ ಚೀಲ ಬಿಚ್ಚಿದ. ಕೊಡದಿಂದ ನೀರು ತಂದು ಚಿಮುಕಿಸಿದ, ಕೈಯಾಡಿಸಿದ, ತೂಗಿದ, ಮತ್ತೆ ಚಿಮುಕಿಸಿದ. ಮುಳ್ಳು ನೆಟ್ಟಗೆ ನಿಲ್ಲುವ ತನಕ ಬಿಡಲಿಲ್ಲ. ಸಾಹುಕಾರರು ಬೀಜದ ಚೀಲಕ್ಕೆ ಕೈ ಹಾಕಿ ನೋಡುತ್ತಾರೆಯೇ ಹೊರತು ಒಲೆಗೆ ಹೋಗುವ ಸಿಪ್ಪೆಯನ್ನು ಯಾಕೆ ಮುಟ್ಟುತ್ತಾರೆ? ಅದೂ ಅವನಿಗೆ ಗೊತ್ತಿತ್ತು.

"ಇವತ್ತು ನೀನೇ ತೂಗ್ಲಾ. ಬಂದಷ್ಟು ಹೇಳು, ಸಾಕು. ಸುಳ್ಳೇನ್ ಹೇಳ್ಬೇಡ" ಎಂದ.

ನಾನು ಏನಂದೆ? ಏನೂ ಅನ್ನಲಿಲ್ಲ. ಥೂ ನನ್ನ ಬಾಯಿಗೆ.

ಸಾಬರು ನಮಾಜು ಮುಗಿಸಿ ಬಂದರು, ಸಾಹುಕಾರರು ತೇಗುತ್ತಾ ಬಂದು ಗದ್ದಿಗೆಯ ಮೇಲೆ ಕೂತರು. ಮೊದಲು ಪ್ರಶ್ನೆ, ಆಮೇಲೆ ತೂಕ, ಅದು ಅವರ ಕ್ರಮ.

"ಎಲ್ಲಾ ಐತೇನಪ್ಪ?"

"ಇಲ್ಲ ಸ್ವಾಮಿ. ಒಂದ್ ಅರ್ಧ ಸೇರು ಕಮ್ಮಿ. ಮಕ್ಳು ತಿಂದವ್ರೆ, ನಾನೂ ತಿಂದೀನಿ."

ಸಾಹುಕಾರರ ಮುಖ ಅರಳಿತು. ನನ್ನ ಕಡೆ ತಿರುಗಿ ತೂಗು ಎಂದರು. ಸಿಪ್ಪೆಯ ಚೀಲ ಎತ್ತಿದಾಗ ತಳ ನನ್ನ ಅಂಗೈಗೆ ತಣ್ಣಗೆ ಅಂಟಿತು. ಈಗಲಾದರೂ ಚೀಲವನ್ನು ಅಲ್ಲೇ ಸುರಿದುಬಿಡಬೇಕು ಅನ್ನಿಸಿತು. ಎದುರಿಗೆ ಅಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಮುಳ್ಳು ನಿಂತಿತು.

"ಹತ್ತು ಸೇರು. ಸರಿಯಾಗಿದೆ" ಎಂದೆ.

ಸಾಹುಕಾರರು ಎದ್ದು ಬಂದು ತಾವೇ ಬಗ್ಗಿ ನೋಡಿದರು. ಅವರಿಗೆ ಸಿಟ್ಟಿಗಿಂತ ಹೆಚ್ಚಾಗಿ ಗಾಬರಿಯಾಗಿತ್ತು. ಯಾರಿಗೂ ಹೇಳದ ಗುಟ್ಟು ಸಿರಾದ ತನಕ ಹೋಗಿದೆಯಲ್ಲ ಎಂಬ ಗಾಬರಿ.

"ಕಮ್ಮಿ ಅಂತ ಹೇಳು ಅಂತ ಯಾರು ಹೇಳ್ಕೊಟ್ರು ನಿಂಗೆ?"

"ಯಾರೂ ಹೇಳ್ಕೊಟ್ಟಿಲ್ಲ ಸ್ವಾಮಿ. ತಿಂದವ್ರೆ, ಅದ್ಕೆ ಹೇಳ್ದೆ."

"ತಿಂದಿದ್ರೆ ಹತ್ತು ಸೇರು ಎಲ್ಲಿಂದ ಬಂತು? ಕೆಲ್ಸಕ್ಕೋಸ್ಕರ ಹೆತ್ತ ಮಕ್ಕಳ ಮೇಲೆ ಸುಳ್ಳು ಹೇಳ್ತೀಯಲ್ಲೋ. ನಾಚಿಕೆ ಆಗಲ್ವಾ?"

"ಅಲ್ಲಾ ಕಸಂ ಸ್ವಾಮಿ, ತಿಂದವ್ರೆ!"

"ಹಂಗಾರೆ ತಕ್ಕಡಿ ಸುಳ್ಳು ಹೇಳ್ತದಾ?"

ಸಾಬರು ತಕ್ಕಡಿಯನ್ನು ನೋಡಿದರು. ತುಂಬಾ ಹೊತ್ತು ನೋಡಿದರು. ಯಾರ ಮೇಲೂ ಅವರಿಗೆ ಅನುಮಾನ ಬರಲಿಲ್ಲ, ನನ್ನ ಮುಖದ ಕಡೆ ಒಮ್ಮೆಯೂ ತಿರುಗಲಿಲ್ಲ. ಆಮೇಲೆ ಕೆಮ್ಮು ಬಂತು. ಕೆಮ್ಮಿಕೊಂಡೇ ಮೆಟ್ಟಿಲಿಳಿದು ಬಸ್ ನಿಲ್ಲುವ ಕಡೆ ಹೋದರು. ಅವ್ವನ ಮೇಲೆ ಸುಳ್ಳು ಹೇಳಿದ ನಾನು ಒಳಗೆ ಉಳಿದೆ, ಮಕ್ಕಳ ಬಗ್ಗೆ ನಿಜ ಹೇಳಿದವರು ಹೊರಗೆ ಹೋದರು. ಆ ಜಾಗಕ್ಕೆ ಅಣ್ಣನ ಅಕ್ಕನ ಅಳಿಯ, ನಂಟಸ್ತನ ಮುಚ್ಚಿಟ್ಟುಕೊಂಡು ಬಂದ. ಅವನ ಚೀಲ ಸರಿಯಾಗಿ ಕಾಲು ಸೇರು ಕಡಿಮೆ ಇತ್ತು.

ಮರು ವರ್ಷ ಮಳೆ ಹದವಾಗಿ ಬಂತು. ಎಲ್ಲರೂ ಬಿತ್ತಿದರು. ನಾನು ಮಂಡಿಯಲ್ಲಿ ಕೂತು ದಿನ ಎಣಿಸುತ್ತಿದ್ದೆ. ಹತ್ತು ದಿನಕ್ಕೆ ಹೊಲ ಹಸಿರಾಗಬೇಕು. ಊಟ ಸೇರುತ್ತಿರಲಿಲ್ಲ. ಹನ್ನೆರಡನೆಯ ದಿನ ಪಾವಗಡದ ಗಡಿಯ ತಿರುಮಣಿಯವರು, ಕ್ಯಾತಗಾನಚೆರ್ಲಿನವರು ಒಟ್ಟಿಗೆ ಬಂದರು. ಈ ಸಲ ಒಂದಿಬ್ಬರಲ್ಲ, ಅಂಗಳ ತುಂಬಿತು. ಗಲಾಟೆ ಮಾಡಲಿಲ್ಲ, ಅದೇ ನನಗೆ ಭಯವಾದದ್ದು. ಒಬ್ಬ ಮುದುಕ ಟವೆಲ್ಲಿನ ಗಂಟು ಬಿಚ್ಚಿ ಗದ್ದಿಗೆಯ ಮೇಲೆ ಸುರಿದ. ಸಾಲಿನಿಂದ ಕೆದಕಿ ತೆಗೆದ ಬೀಜ. ಕಪ್ಪಗೆ ಕೊಳೆತಿತ್ತು.

"ಚೂಡು ಸಾಮಿ" ಎಂದ ಅವನು ತೆಲುಗಿನಲ್ಲಿ, ಆಮೇಲೆ ಕನ್ನಡಕ್ಕೆ ತಿರುಗಿದ. "ನೋಡಿ, ಒಂದೂ ಮೊಳ್ತಿಲ್ಲ. ನಿಮ್ಮನ್ನ ನಂಬಿ ಆಕಾಶದ ಮಳೇನ ಹಾಳ್ ಮಾಡ್ಕೊಂಡ್ವಿ."

ಸಾಹುಕಾರರು ಕಾಯಿ ಬದಲಿಸಿ ಕೊಟ್ಟು ಕೈ ಮುಗಿದು ಕಳಿಸಿದರು. ಆದರೆ ಬಿತ್ತನೆಯ ಹದ ಹೋಗಿತ್ತು, ಹೋದ ಹದ ಬದಲಿಸಿ ಕೊಡುವುದು ಯಾರ ಕೈಯಲ್ಲಿದೆ? ಅವತ್ತೇ ಬಾಗಿಲು ಹಾಕಿಸಿ, ಮೂಟೆಗಳನ್ನು ಒಂದೊಂದಾಗಿ ಬಿಚ್ಚಿಸಿ ಕೈ ಹಾಕಿ ನೋಡಿದರು. ಕೆಳಗಿನ ಸಾಲಿನ ಮೂಟೆಗಳು ಇನ್ನೂ ತೇವವಾಗಿದ್ದವು. ಅಣ್ಣನನ್ನು ಒಳಕೋಣೆಗೆ ಕರೆದರು. ಜಗಳದ ಸದ್ದು ಕೇಳುತ್ತದೆ ಎಂದು ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದೆ. ಸದ್ದೇ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಕರೆದು, ಕಾಗದ ಪೆನ್ನು ತಾ ಎಂದರು.

ಬರೆಸಿದ್ದು ಒಂದು ಯೋಗ್ಯತಾ ಪತ್ರ. ಈತ ನಮ್ಮಲ್ಲಿ ಹನ್ನೆರಡು ವರ್ಷಕ್ಕೂ ಮೇಲ್ಪಟ್ಟು ನಂಬಿಕೆಯಿಂದ ದುಡಿದಿದ್ದಾನೆ, ಸ್ವಂತ ಇಚ್ಛೆಯಿಂದ ಬಿಟ್ಟು ಹೋಗುತ್ತಿದ್ದಾನೆ, ನಡತೆ ಒಳ್ಳೆಯದು ಎಂದು. ನನ್ನ ಕೈಬರಹ, ಅವರ ರುಜು. ಅಣ್ಣ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದ ಮೇಲೆ ಸಾಹುಕಾರರು ನನಗೆ ಹೇಳಿದ್ದು ಇಷ್ಟು. "ಪೊಲೀಸು, ಕೋರ್ಟು ಅಂದ್ರೆ ಮಂಡಿ ಹೆಸರು ಹೋಗ್ತದೆ. ನಾಳೆಯಿಂದ ನಮ್ಮ ಕಾಯಿ ಯಾರೂ ಮುಟ್ಟಲ್ಲ. ಬಾಯಿ ಮುಚ್ಕೊಂಡಿರು. ಇನ್ಮೇಲೆ ತೂಕ ನಿಂದು. ಈ ಮನೇಲಿ ನೆಟ್ಟಗಿರೋನು ನೀನೊಬ್ನೇ."

ಆ ಪತ್ರ ತೋರಿಸಿ ಅಣ್ಣ ಕೊರಟಗೆರೆಯ ಒಂದು ಮಂಡಿಗೆ ಸೇರಿದ ಎಂದು ಆಮೇಲೆ ಕೇಳಿದೆ. ಅಲ್ಲಿಯೂ ಬಿತ್ತನೆ ಕಾಯಿಯ ವ್ಯಾಪಾರವಿತ್ತು. ಸಾಬರ ವಿಷಯವನ್ನು ಸಾಹುಕಾರರಿಗೆ ಹೇಳಲು ಆ ಪತ್ರ ಬರೆದ ದಿನವೇ ಒಳ್ಳೆಯ ಅವಕಾಶವಿತ್ತು. ನೆಟ್ಟಗಿರುವವನು ಎಂದು ಬೇರೆ ಕರೆದಿದ್ದಾರೆ, ಇನ್ನೇನು ಹೇಳುವುದು?

ಹತ್ತು ವರ್ಷ ಕಳೆಯಿತು. ಕಿಲೋ ಬಂತು, ಸೇರಿನ ಕಲ್ಲುಗಳು ಮೂಲೆಗೆ ಬಿದ್ದವು. ಸಾಹುಕಾರರು ಮೆತ್ತಗಾಗಿ ಅವರ ಮಗ ಗದ್ದಿಗೆಗೆ ಬಂದ. ಹತ್ತು ಸೇರಿನ ಪರೀಕ್ಷೆಯ ಗುಟ್ಟು ಅಷ್ಟು ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಹೊಸ ಸಾಹುಕಾರ ಅದನ್ನು ಬಿಟ್ಟು ಬೇರೆ ದಾರಿ ಹಿಡಿದ. ಕೆಲಸ ಕೇಳಿದವನ ಊರಿಗೇ ನನ್ನನ್ನು ಕಳಿಸುವುದು, ನಾನು ಅವನ ಬೀದಿಯಲ್ಲಿ ನಾಲ್ಕು ಜನರನ್ನು ಕೇಳಿ ನಡತೆ ತಿಳಿದುಕೊಂಡು ಬರುವುದು. ಪ್ರಾಮಾಣಿಕತೆ ವಿಚಾರಿಸಲು ನನ್ನಂಥವನನ್ನೇ ಕಳಿಸುತ್ತಿದ್ದರಲ್ಲ, ನಗಬೇಕೋ ಅಳಬೇಕೋ.

ಹಾಗೆ ಒಂದು ಸಲ ಸಿರಾಕ್ಕೆ ಹೋದೆ. ಕೆಲಸ ಕೇಳಿದ್ದ ಯುವಕನ ಬೀದಿಯ ಮೂಲೆಯಲ್ಲಿ ಬಳೆ ಅಂಗಡಿಯವರನ್ನು ಕೇಳಿದರೆ, "ನಮ್ಮನ್ಯಾಕೆ ಕೇಳ್ತೀರಾ, ಆ ನೀಲಿ ಬಾಗಿಲಿನ ಮನೇಲಿ ಕೇಳಿ. ಅವರು ಸತ್ತರೂ ಸುಳ್ಳು ಹೇಳಲ್ಲ" ಎಂದರು. ಬಾಗಿಲು ತಟ್ಟಿದೆ. ತೆರೆದವರು ಕೆಮ್ಮಿದರು. ಆ ಕೆಮ್ಮಿನಿಂದಲೇ ಗುರುತು ಸಿಕ್ಕಿತು, ಕಾಲು ಹಿಂದಕ್ಕೆ ಹೋಯಿತು. ಅಷ್ಟರಲ್ಲಿ ಅವರೂ ಗುರುತಿಸಿಬಿಟ್ಟಿದ್ದರು.

"ಅರೆ! ಮಧುಗಿರಿ ಮಂಡಿಯವರಲ್ವಾ? ಬನ್ನಿ ಬನ್ನಿ ಸ್ವಾಮಿ, ಒಳಗ್ ಬನ್ನಿ."

ಕೋಪದ ಒಂದು ಗೆರೆಯೂ ಇರಲಿಲ್ಲ. ಬಡಕಲಾಗಿದ್ದರು, ತಿದಿಯ ಮುಂದೆ ಇನ್ನೂ ಎರಡು ವರ್ಷ ಕೂತು ಆಮೇಲೆ ಆಗದೆ ಬಿಟ್ಟರಂತೆ. ಈಗ ಛತ್ರಿ, ಬೀಗ ರಿಪೇರಿ ಮಾಡುತ್ತಿದ್ದರು. ಮಗಳ ಮದುವೆಯಾಗಿತ್ತು. ನನ್ನನ್ನು ಚಾಪೆಯ ಮೇಲೆ ಕೂರಿಸಿ, ಒಳಗಿನ ಪರದೆಯ ಕಡೆ ತಿರುಗಿ ಚಹಾ ಮಾಡಲು ಹೇಳಿದರು. ಪರದೆಯ ಹಿಂದೆ ಬಳೆಯ ಸದ್ದಾಯಿತು. ಚಹಾ ಬಂತು. ನಾನು ಯುವಕನ ಬಗ್ಗೆ ಕೇಳುವ ಮೊದಲೇ ಅವರು ತಮ್ಮ ಮಾತು ತೆಗೆದರು.

"ಅವತ್ತು ಸೌಕಾರ್ರು ನನ್ನ ಸುಳ್ಳ ಅಂದ್ರು. ಅವರ ತಪ್ಪಿಲ್ಲ ಸ್ವಾಮಿ, ತಕ್ಕಡಿ ಹಂಗ್ ಹೇಳ್ತು. ಮನೆಗ್ ಬಂದು ಮಕ್ಳನ್ನ ಕೇಳ್ದೆ. ತಿಂದ್ವಿ ಅಬ್ಬಾಜಾನ್ ಅಂತ ಅತ್ವು. ಹಂಗಾರೆ ಕಮ್ಮಿ ಆಗಿದ್ದನ್ನ ತುಂಬ್ದೋರು ಯಾರು? ಮನೇಲಿ ಉಳ್ದೋಳು ಇವ್ಳೊಬ್ಳೇ. ಕೆಲ್ಸ ತಪ್ಪೋದ್ರೆ ಅಂತ ಹೆದ್ರಿ, ಪಕ್ಕದ್ ಮನೆಯಿಂದ ತಂದು ಹಾಕವ್ಳೆ. ಕೇಳಿದ್ರೆ ಒಪ್ಪಲ್ಲ. ಕುರಾನ್ ಮುಟ್ಟಿ ಆಣೆ ಮಾಡಿದ್ಳು ಸ್ವಾಮಿ, ಸುಳ್ ಆಣೆ. ಅದೇ ನಂಗೆ ತಡ್ಕಳಕ್ಕಾಗ್ಲಿಲ್ಲ. ಅವತ್ತಿಂದ ಇವತ್ತಿನ ತಂಕ ಇವಳ ಒಂದ್ ಮಾತೂ ನಂಬಿಲ್ಲ. ಅಕ್ಕನ ಮನೆಗೆ ಹೋಗಿದ್ದೆ ಅಂದ್ರೆ ಅಕ್ಕನ್ನ ಕೇಳ್ತೀನಿ. ಜ್ವರ ಅಂದ್ರೆ ಮಗ್ಳನ್ನ ಕೇಳ್ತೀನಿ. ಒಂದೇ ಒಂದ್ ಸಲ ಒಪ್ಕೊಂಡಿದ್ರೆ ಮುಗೀತಿತ್ತು. ಹತ್ತು ವರ್ಷ ಆಯ್ತು, ಒಪ್ಪಲ್ಲ."

ದನಿ ತಗ್ಗಿಸಿ ಹೇಳಲಿಲ್ಲ ಅವರು. ಪರದೆಯ ಹಿಂದೆ ಇರುವವರಿಗೆ ಕೇಳಲಿ ಎಂದೇ ಹೇಳಿದರು. ಎಷ್ಟು ಜನರ ಮುಂದೆ ಹೀಗೆ ಹೇಳಿದ್ದಾರೋ ಏನೋ. ಕೈಯಲ್ಲಿದ್ದ ಚಹಾ ಲೋಟವನ್ನು ಕೆಳಗೆ ಇಟ್ಟುಬಿಟ್ಟೆ. ಏನಾದರೂ ಮಾತಾಡಬೇಕಲ್ಲ ಎಂದು, "ಅವತ್ತು ಶುಕ್ರವಾರ ಬೇರೆ, ನೀವು ನಮಾಜ್ ಮುಗಿಸ್ಕೊಂಡು ಬಿಸಿಲಲ್ಲಿ ಬಂದ್ರಿ, ಪಾಪ" ಎಂದೆ.

"ಹೌದು ಹೌದು. ನಿಮಗ್ ಜ್ಞಾಪಕ ಚೆನ್ನಾಗೈತೆ" ಎಂದು ಅವರು ಹತ್ತಿರಕ್ಕೆ ಸರಿದರು. "ತೂಗಿದ್ದು ನೀವೇ ಅಲ್ವಾ? ಇವಳು ಕೇಳೋ ಹಂಗೆ ಒಂದ್ ಸಲ ಹೇಳ್ಬುಡಿ ಸ್ವಾಮಿ. ಪೂರ್ತಿ ಹತ್ತು ಸೇರು ಇತ್ತೋ ಇಲ್ವೋ?"

ಎದುರಿಗೆ ಕೂತ ಮನುಷ್ಯ ದೇವರ ತೀರ್ಪಿಗೆ ಕಾಯುವವನ ಹಾಗೆ ನನ್ನನ್ನೇ ನೋಡುತ್ತಿದ್ದ.

"ನೆನಪಿಲ್ಲ ಸಾಬ್ರೆ. ಎಷ್ಟೋ ವರ್ಷ ಆಯ್ತು" ಎಂದೆ.

ಪರದೆಯ ಹಿಂದಿನಿಂದ ಹೆಣ್ಣು ದನಿ ಬಂತು. ಗಟ್ಟಿಯಾಗಿರಲಿಲ್ಲ, ಆದರೆ ಪ್ರತಿ ಮಾತೂ ಬಿಡಿಬಿಡಿಯಾಗಿ ಕೇಳಿತು.

"ಶುಕ್ರವಾರ ಅಂತ ನೆನಪೈತೆ. ನಮಾಜ್‌ಗೆ ಹೋಗಿದ್ದು ನೆನಪೈತೆ. ತೂಕ ನೆನಪಿಲ್ವಾ?"

ನಾನು ಚಪ್ಪಲಿ ಬಿಟ್ಟಿದ್ದ ಬಾಗಿಲ ಕಡೆ ನೋಡಿದೆ.

"ಇವ್ರು ನಮಾಜ್‌ಗೆ ಹೋದಾಗ ನಮ್ ಚೀಲ ಯಾರ ತಾವ ಇತ್ತು?"

"ಇವರ ತಾವಾನೇ ಬಿಟ್ಟು ಹೋಗಿ..." ಎಂದು ಸಾಬರು ಎಂದಿನ ಹಾಗೆ ಇದ್ದದ್ದನ್ನು ಇದ್ದಂತೆ ಹೇಳತೊಡಗಿದವರು, ಅರ್ಧಕ್ಕೇ ನಿಂತರು. ನನ್ನ ಕಡೆ ತಿರುಗಿದರು. ಹತ್ತು ವರ್ಷದಲ್ಲಿ ಆ ಪ್ರಶ್ನೆ ಅವರಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಹೆಂಡತಿಯನ್ನು ಅನುಮಾನಿಸಿದ ಮನುಷ್ಯ ನನ್ನನ್ನು ಅನುಮಾನಿಸಿರಲಿಲ್ಲ.

"ಸಿಪ್ಪೆಗೆ ನೀರು ಹಾಕಿದ್ರು" ಎಂದೆ. ಆ ಮಾತು ತಾನಾಗಿಯೇ ಹೊರಗೆ ಬಂತು. "ಅರ್ಧ ಸೇರು ಕಮ್ಮಿ ಇತ್ತು ಸಾಬ್ರೆ. ನಾನು ನೋಡಿದ್ದೆ. ನೋಡ್ಕೊಂಡೇ ಸುಮ್ಮನಿದ್ದೆ."

ಅವರು ನನ್ನನ್ನು ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ನನ್ನನ್ನು ಅವರು ಮರೆತೇ ಬಿಟ್ಟಿದ್ದರು. ಗೋಡೆ ಹಿಡಿದುಕೊಂಡು ಎದ್ದು, ಪರದೆಯ ಮುಂದೆ ಹೋಗಿ ನಿಂತರು. ಅದನ್ನು ಸರಿಸಲು ಕೈ ಎತ್ತಿದರು, ಸರಿಸಲು ಆಗಲಿಲ್ಲ. ಹೆಂಡತಿಯನ್ನು ಹೆಸರು ಹಿಡಿದು ಒಮ್ಮೆ ಕರೆದರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು ಬಾಗಿಲ ಬಳಿ ತಿರುಗಿ ನೋಡಿದೆ. ತಮ್ಮ ಮನೆಯ ಒಳಬಾಗಿಲಲ್ಲಿ ಅವರು ಹಾಗೆಯೇ ನಿಂತಿದ್ದರು. ಒಳಗಿನಿಂದ ಬಾ ಎಂದು ಯಾರೂ ಕರೆಯಲಿಲ್ಲ.